ಕೂಸಿಗೆ ಯಾವ ನೀರು?

ಮೊಬೈಲ್ ಗುಂಯ್‌ಗುಟ್ಟಿದಾಗ ನಾನು ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಬೆಳಗಿನ ಹತ್ತು ಗಂಟೆಯೆಂದರೆ ಮನೆಮನೆಯಿಂದಲೂ ಮಗ್ಗದ ಸದ್ದು ಬರುವ ಹೊತ್ತು. ಎದುರಿಗೆ ನನ್ನ ಗಂಡ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆಯ ಸೆರಗು ನೇಯುತ್ತಿದ್ದರು. ಮೆಸೇಜು ಓದಿದೆ. ಇನ್ನೊಮ್ಮೆ ಓದಿದೆ. ಮೂರನೆಯ ಸಲಕ್ಕೆ ಅಕ್ಷರಗಳೆಲ್ಲ ಕಲಸಿಕೊಂಡು ಏನೂ ಕಾಣದಾಯಿತು.

"ರೀ, ಮಗ್ಗ ನಿಲ್ಸಿ."

"ಇನ್ನೊಂದು ಬುಟ್ಟಾ ಅದೆ, ಮುಗಿಸ್ಬುಡ್ತೀನಿ ಇರು."

"ಬುಟ್ಟಾ ಆಮೇಲೆ ನೇಯೀರಂತೆ. ಕೂಸು ಬಂದದೆ!"

ಲಾಳಿ ಅವರ ಕೈಯಿಂದ ಜಾರಿ ಗುಂಡಿಯೊಳಗೆ ಬಿತ್ತು. ಅದನ್ನು ಎತ್ತಿಕೊಳ್ಳದೆಯೇ ಮೇಲೆದ್ದು ಬಂದರು. ಮದುವೆಯಾಗಿ ಹನ್ನೊಂದು ವರ್ಷ, ದತ್ತು ತೆಗೆದುಕೊಳ್ಳಲು ಹೆಸರು ಬರೆಸಿ ಮೂರು ವರ್ಷದ ಮೇಲಾಗಿತ್ತು. ಮೊಬೈಲಿನಲ್ಲಿ ಒಂದು ಫೋಟೋ. ನಾಲ್ಕು ತಿಂಗಳ ಹೆಣ್ಣುಕೂಸು. ತಲೆ ತುಂಬ ಕೂದಲು, ಹುಬ್ಬು ಗಂಟು ಹಾಕಿಕೊಂಡು ಫೋಟೋ ತೆಗೆದವರನ್ನೇ ಗದರಿಸುವ ಹಾಗೆ ನೋಡುತ್ತಿತ್ತು. ನಮಗಿಬ್ಬರಿಗೂ ನಗು ಬಂತು, ಅಳುವೂ ಬಂತು. ಎರಡು ದಿನದೊಳಗೆ ಒಪ್ಪಿಗೆ ತಿಳಿಸಿ ಎಂದು ಬರೆದಿದ್ದರು. ನಾವು ಎರಡು ನಿಮಿಷವೂ ತೆಗೆದುಕೊಳ್ಳಲಿಲ್ಲ.

ಹಿತ್ತಲಿನಲ್ಲಿ ಮಾವ ಕೂತಿದ್ದರು. ಓಡಿಹೋಗಿ ಫೋಟೋ ತೋರಿಸಿದೆ. ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಸರಿ ಕಣವ್ವ" ಎಂದಷ್ಟೇ ಹೇಳಿ ಮೊಬೈಲು ವಾಪಸು ಕೊಟ್ಟರು. ಅವರು ದತ್ತು ಬೇಡ ಎಂದವರಲ್ಲ, ಬೇಕು ಎಂದವರೂ ಅಲ್ಲ. ಆ ಮಾತು ಬಂದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಅವರ ಮಾತೇ ಕಡಿಮೆಯಾಗಿತ್ತು. ಅವರ ಮನಸ್ಸಿನಲ್ಲಿ ಏನಿದೆಯೆಂದು ಮಗನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮುಂದಿನ ವಾರ ನಾವಿಬ್ಬರೂ ಯಳಂದೂರಿನ ಮೇಲೆ ಹಾದು ದತ್ತು ಕೇಂದ್ರಕ್ಕೆ ಹೋಗಿ ಕೂಸನ್ನು ಕಂಡೆವು. ಆ ಗಳಿಗೆಯ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಕೂಸು ನನ್ನ ಕಿರುಬೆರಳು ಹಿಡಿದುಕೊಂಡಿತು, ನಾನು ಬಿಡಿಸಿಕೊಳ್ಳಲಿಲ್ಲ, ಅಷ್ಟೆ. ಅಲ್ಲಿದ್ದ ನರ್ಸಮ್ಮ ಐವತ್ತರ ಆಚೆಯ ಗಟ್ಟಿ ಹೆಂಗಸು. ನಮ್ಮ ಕಣ್ಣೀರೆಲ್ಲ ಮುಗಿಯಲು ಬಿಟ್ಟು, ಆಮೇಲೆ ಹಾಲಿನ ಪುಡಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ಮಗು ಈ ಹಾಲಿಗೇ ಒಗ್ಗಿದೆ. ಇದನ್ನೇ ಮುಂದುವರಿಸಿ. ಈಗ ಹೇಳಿ, ಮನೇಲಿ ಯಾವ ನೀರಲ್ಲಿ ಕಲಸ್ತೀರಿ?"

ನಾನು ಗಂಡನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ತೊಟ್ಟಿಲು ಯಾವುದು, ಬಟ್ಟೆ ಯಾವುದು, ಯಾವ ಡಾಕ್ಟರು ಎಂದೆಲ್ಲ ತಿಂಗಳುಗಟ್ಟಲೆ ಯೋಚಿಸಿಟ್ಟುಕೊಂಡಿದ್ದೆವು. ನೀರಿನ ಬಗ್ಗೆ ಒಂದು ಕ್ಷಣವೂ ಯೋಚಿಸಿರಲಿಲ್ಲ.

"ಕಾಯಿಸಿ ಆರಿಸಿದ ನೀರು," ಎಂದೆ ಅನುಮಾನದಿಂದ.

"ಕಾಯಿಸೋದು ಆಮೇಲೆ. ಕಾಯಿಸೋಕೆ ಮುಂಚೆ ಅದು ಎಲ್ಲಿಯ ನೀರು? ಬೋರ್‌ವೆಲ್ಲಾ, ನಲ್ಲೀನಾ, ಕ್ಯಾನಾ? ಬಾಟ್ಲಿ ತುಂಬಾ ಇರೋದೇ ನೀರಲ್ವಾಮ್ಮ, ಪುಡಿ ಎಷ್ಟು ಚಮಚ ಇರುತ್ತೆ?"

ಅದಾದ ಮೇಲೆ ಅರ್ಧ ಗಂಟೆ ಪಾಠ. ಕಾಯಿಸಿದರೆ ಕ್ರಿಮಿ ಸಾಯುತ್ತದೆಯೇ ಹೊರತು ನೀರಿನಲ್ಲಿ ಕರಗಿದ ಉಪ್ಪು, ಫ್ಲೋರೈಡು, ಗೊಬ್ಬರದ ಅಂಶ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅವು ಇನ್ನಷ್ಟು ಗಟ್ಟಿಯಾಗುತ್ತವೆ. ಪುಡಿಯಲ್ಲೂ ಕ್ರಿಮಿ ಇರಬಹುದು, ಆದ್ದರಿಂದ ನೀರು ಕಳಕಳ ಕುದಿದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಆರಲು ಬಿಡಬಾರದು. ಎಪ್ಪತ್ತು ಡಿಗ್ರಿಗಿಂತ ತಣ್ಣಗಾಗುವ ಮೊದಲೇ ಕಲಸಬೇಕು. ಮೊದಲು ನೀರು, ಆಮೇಲೆ ಪುಡಿ. ಚಮಚದ ತಲೆ ಸವರಿ ಸಮ ಮಾಡಬೇಕು. ಕಲಸಿದ ಮೇಲೆ ಬಾಟಲಿಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ, ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿ ಕುಡಿಸಬೇಕು. ಮಿಕ್ಕಿದ್ದನ್ನು ಚೆಲ್ಲಬೇಕು. ನಾನು ಬಸ್ ಟಿಕೆಟಿನ ಹಿಂದೆಯೂ ಬರೆದುಕೊಂಡೆ. ಮಗುವನ್ನು ಮನೆಗೆ ಕರೆದುಕೊಂಡು ಹೋಗಲು ಹತ್ತು ದಿನ ಬಿಟ್ಟು ಬನ್ನಿ ಎಂದರು.

ಮನೆಗೆ ಬಂದು ಊಟಕ್ಕೆ ಕೂತಾಗ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಕೂಸಿನ ಮೂಗು ಹೀಗಿದೆ, ಕೈ ಹಾಗಿದೆ ಎಂದಾಗ ಮಾವ ತಲೆ ಎತ್ತಲಿಲ್ಲ. ನೀರಿನ ಮಾತು ಬಂದಾಗ ಅವರ ಕೈ ತಟ್ಟೆಯಲ್ಲೇ ನಿಂತಿತು.

"ನೀರು ಕೇಳುದ್ರಾ? ಆ ನರ್ಸಮ್ಮ?"

"ಊಂ ಮಾವ. ಮೊದ್ಲು ಕೇಳಿದ್ದೇ ಅದು."

"ಬುದ್ಧಿವಂತೆ ಕಣವ್ವ ಆಯಮ್ಮ," ಎಂದರು ಮಾವ. ದತ್ತಿನ ವಿಷಯದಲ್ಲಿ ಅವರು ಆಡಿದ ಮೊದಲ ಪೂರ್ತಿ ಮಾತು ಅದು.

ಇಲ್ಲಿ ಮಾವನ ಕಸುಬು ಹೇಳಬೇಕು. ಅವರು ನೇಯ್ದವರಲ್ಲ, ರೇಷ್ಮೆಗೆ ಬಣ್ಣ ಹಾಕಿದವರು. ನಲವತ್ತು ವರ್ಷ ಹಿತ್ತಲಿನ ಹಂಡೆಗಳ ಮುಂದೆ ನಿಂತು, ಕಚ್ಚಾ ರೇಷ್ಮೆ ನೂಲಿನ ಲಡಿಗಳನ್ನು ಸೋಪಿನ ನೀರಿನಲ್ಲಿ ಕುದಿಸಿ ಅಂಟು ತೆಗೆದು, ಬಣ್ಣದಲ್ಲಿ ಅದ್ದಿ ತೆಗೆದವರು. ಈಗ ಸೊಂಟ ಬಗ್ಗುವುದಿಲ್ಲವೆಂದು ಬಿಟ್ಟಿದ್ದರು. ಉಗುರಿನ ಸಂದಿಯ ಬಣ್ಣ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಬಣ್ಣದವನಿಗೆ ನೀರೇ ಬಂಡವಾಳ. ಗಡಸು ನೀರಿನಲ್ಲಿ ಸೋಪು ನೊರೆಯಾಗುವುದಿಲ್ಲ, ಅಂಟು ಬಿಡುವುದಿಲ್ಲ, ಬಣ್ಣ ತೇಪೆ ತೇಪೆಯಾಗಿ ಕೂರುತ್ತದೆ. ಯಾವ ಬಾವಿಯ ನೀರು ಕೆಂಪಿಗೆ ಒಳ್ಳೆಯದು, ಯಾವುದು ಹಸಿರನ್ನು ಮಂಕು ಮಾಡುತ್ತದೆ ಎಂಬುದು ಅವರಿಗೆ ಬಾಯಿಪಾಠವಿತ್ತು.

ಮಾರನೆಯ ಬೆಳಗ್ಗೆ ಎದ್ದು ನೋಡಿದರೆ ಹಿತ್ತಲ ಕಟ್ಟೆಯ ಮೇಲೆ ನಾಲ್ಕು ಗಾಜಿನ ಲೋಟ ಸಾಲಾಗಿ ನಿಂತಿದ್ದವು. ಒಂದರಲ್ಲಿ ನಮ್ಮ ಬೋರಿನ ನೀರು, ಒಂದರಲ್ಲಿ ದಿನ ಬಿಟ್ಟು ದಿನ ನಲ್ಲಿಯಲ್ಲಿ ಬರುವ ಹೊಳೆ ನೀರು, ಒಂದರಲ್ಲಿ ಬೀದಿ ಕೊನೆಯ ಶುದ್ಧ ನೀರಿನ ಘಟಕದ ಕ್ಯಾನ್ ನೀರು. ನಾಲ್ಕನೆಯದು ಎಲ್ಲಿಯದೆಂದು ಕೇಳುವ ಮೊದಲೇ ಅವರು ಬಟ್ಟೆ ಸೋಪನ್ನು ಚಾಕುವಿನಿಂದ ಹೆರೆದು ನಾಲ್ಕಕ್ಕೂ ಒಂದೇ ಅಳತೆಯಲ್ಲಿ ಹಾಕಿ, ಬಾಯಿ ಮುಚ್ಚಿ ಕುಲುಕಿದರು. ಬೋರಿನ ನೀರು ಮಜ್ಜಿಗೆಯ ಹಾಗೆ ಕದಡಿ ಮೇಲೆ ಬಿಳಿ ಕೆನೆ ಕಟ್ಟಿಕೊಂಡಿತು, ನೊರೆಯೇ ಇಲ್ಲ. ನಲ್ಲಿ ನೀರಿನಲ್ಲಿ ಎರಡು ಬೆರಳು ನೊರೆ. ಕ್ಯಾನ್ ನೀರಿನಲ್ಲಿ ಅದಕ್ಕಿಂತ ಹೆಚ್ಚು. ನಾಲ್ಕನೆಯ ಲೋಟದಲ್ಲಿ ನೊರೆ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು.

"ನೋಡ್ದಾ!" ಮಾವನ ಮುಖ ಅಷ್ಟು ಅರಳಿದ್ದನ್ನು ನಾನು ವರ್ಷಗಳಿಂದ ನೋಡಿರಲಿಲ್ಲ. "ಇದೇ ಕಣವ್ವ ನೀರು ಅಂದ್ರೆ."

ಅದು ಅವರ ಹಳೆಯ ಸ್ನೇಹಿತರ ಹೊಲದ ಬಾವಿಯ ನೀರು. ಊರಾಚೆ, ಹೊಳೆಯ ಕಡೆಯ ಗದ್ದೆ ಬಯಲಿನಲ್ಲಿತ್ತು. ಒಂದು ಕಾಲದಲ್ಲಿ ಎತ್ತಿನ ಗಾಡಿಯಲ್ಲಿ ಪೀಪಾಯಿ ಇಟ್ಟುಕೊಂಡು ಅಲ್ಲಿಂದಲೇ ನೀರು ತರುತ್ತಿದ್ದರಂತೆ. ಮಾವ ಬೆಳಗಿನ ಜಾವವೇ ಎದ್ದು, ಹಾಲಿನವರ ಬೈಕಿನ ಹಿಂದೆ ಕೂತು, ಕ್ಯಾನು ತುಂಬಿಸಿಕೊಂಡು ಬಂದಿದ್ದರು. ಎಪ್ಪತ್ತೆರಡು ವರ್ಷದ ಮನುಷ್ಯ!

"ರೇಷ್ಮೆಗೇ ಆಗಿದ್ ನೀರು, ಕೂಸಿಗೆ ಆಗಾಕಿಲ್ವಾ? ದಿನಾ ನಾನೇ ಓಗಿ ತರ್ತೀನಿ."

ನನ್ನ ಗಂಡ ನನ್ನ ಕಡೆ ನೋಡಿ ಕಣ್ಣು ಒರೆಸಿಕೊಂಡರು. ಆದರೆ ನರ್ಸಮ್ಮನ ಮಾತು ತಲೆಯಲ್ಲಿ ಕುಟುಕುತ್ತಲೇ ಇತ್ತು. ಕರಗಿದ್ದು ಕಾಣುವುದಿಲ್ಲ, ಪರೀಕ್ಷೆ ಮಾಡಿಸಿ ಎಂದಿದ್ದರು ಅವರು. ಎರಡು ದಿನ ಹೇಳಲೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಹೇಳಿಯೇಬಿಟ್ಟೆ.

"ಮಾವ, ನಾಲ್ಕು ನೀರನ್ನೂ ಲ್ಯಾಬಿಗೆ ಕೊಟ್ಬರಾಣ."

ಮಾವ ತಿರುಗಿ ನೋಡಿದರು. "ನನ್ ಕಣ್ಣಿಗಿಂತ ಲ್ಯಾಬು ದೊಡ್ದಾ?"

"ನಿಮ್ ಕಣ್ಣು ರೇಷ್ಮೆಗೆ ನೋಡ್ಯದೆ ಮಾವ. ಕೂಸಿನ ಹೊಟ್ಟೆಗೂ ಒಂದ್ಸಲ ನೋಡ್ಸಾಣ."

ಮಾವ ಎದ್ದು ಹಿತ್ತಲಿಗೆ ಹೋದರು. ಆದರೆ ಬೆಳಗಾಗುವುದರೊಳಗೆ ನಾಲ್ಕು ಬಾಟಲಿಗಳನ್ನು ತೊಳೆದು, ತುಂಬಿ, ಯಾವುದು ಯಾವುದೆಂದು ಚೀಟಿ ಅಂಟಿಸಿ ಇಟ್ಟಿದ್ದರು. ಲ್ಯಾಬಿಗೆ ಅವರೇ ಬಂದರು. ಅಲ್ಲಿದ್ದ ಹುಡುಗಿ ಏತಕ್ಕೆ ಪರೀಕ್ಷೆ ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಮಾವ ಗಟ್ಟಿಯಾಗಿ, "ಮೊಮ್ಮಗೂಗೆ ಹಾಲು ಕಲ್ಸಕೆ" ಎಂದರು. ಮೊಮ್ಮಗು! ಆ ಮಾತನ್ನು ಗಂಡನಿಗೆ ಹೇಳಬೇಕೆಂದು ಆಟೋದಲ್ಲಿ ಮನೆಗೆ ಬರುವವರೆಗೂ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ವರದಿ ತರಲು ನಾನೂ ಮಾವನೂ ಲ್ಯಾಬಿಗೆ ಹೋದ ದಿನ ಮಾತ್ರ ಬೇರೆ ಥರ. ಬೋರಿನ ನೀರು ತುಂಬ ಗಡಸು, ಕೂಸಿಗೆ ಬೇಡ. ಅದು ಗೊತ್ತಿದ್ದದ್ದೇ. ನಲ್ಲಿ ನೀರು, ಕ್ಯಾನ್ ನೀರು ಎರಡೂ ಸರಿಯಿದ್ದವು. ಬಾವಿಯ ನೀರಿನ ಸಾಲಿನಲ್ಲಿ ನೈಟ್ರೇಟ್ ಎಂಬ ಕಡೆ ಕೆಂಪು ಗೀಟು ಎಳೆದಿದ್ದರು.

"ಸುತ್ತ ಗದ್ದೆ ಇದೆಯಾ ತಾತ?" ಎಂದು ಕೇಳಿದಳು ಲ್ಯಾಬಿನ ಹುಡುಗಿ. "ಗೊಬ್ಬರ ಹಾಕಿದ್ದು ಇಳಿದು ಬಾವಿ ಸೇರ್ಕೊಂಡಿರುತ್ತೆ. ದೊಡ್ಡೋರಿಗೆ ತಕ್ಷಣ ಏನೂ ಗೊತ್ತಾಗಲ್ಲ. ಎಳೆಕೂಸಿಗೆ ಮಾತ್ರ ಬೇಡವೇ ಬೇಡ, ಮೈ ನೀಲಿಯಾಗ್ಬಿಡುತ್ತೆ. ಕಾಯಿಸಿದ್ರೂ ಹೋಗಲ್ಲ."

ಮಾವ ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಮನೆಗೆ ಬಂದು ಹಿತ್ತಲಿಗೆ ಹೋಗಿ ಬಾವಿ ನೀರಿನ ಕ್ಯಾನನ್ನು ಬಾಳೆಗಿಡದ ಬುಡಕ್ಕೆ ಬಗ್ಗಿಸಿದರು. ಅದು ಗಳಗಳ ಸುರಿದು ಮುಗಿಯುವವರೆಗೂ ನೋಡುತ್ತ ನಿಂತರು. ಎಲ್ಲ ಕೈಬಿಟ್ಟುಹೋಯಿತು, ಇನ್ನು ಇವರು ಮತ್ತೆ ಬಾಯಿ ಹೊಲಿದುಕೊಳ್ಳುತ್ತಾರೆ ಎಂದು ನನಗೆ ಭಯವಾಯಿತು. ಹತ್ತಿರ ಹೋದೆ.

"ಬೇಜಾರಾಯ್ತಾ ಮಾವ?"

"ಬೇಜಾರಲ್ಲ ಕಣವ್ವ. ನೀ ಏಳ್ದೆ ಇದ್ರೆ ನಾನೇ ತಂದು ನಾನೇ ಕುಡಿಸ್ಬುಡ್ತಿದ್ನಲ್ಲ." ಖಾಲಿ ಕ್ಯಾನನ್ನು ಕೆಳಗಿಟ್ಟು, "ಆ ಎಪ್ಪತ್ ಡಿಗ್ರಿ ಅಂದ್ರಲ್ಲ ನರ್ಸಮ್ಮ, ಅದೇನು ಇನ್ನೊಂದ್ಸಲ ಏಳು" ಎಂದರು.

ಅಲ್ಲಿಂದ ನಮ್ಮ ಮನೆಯಲ್ಲಿ ತಾಲೀಮು ಶುರುವಾಯಿತು. ಕ್ಯಾನ್ ನೀರಾದರೂ ಕಾಯಿಸಲೇಬೇಕು, ಅಂಗಡಿಯ ಬಾಟಲಿ ನೀರಾದರೂ ಕಾಯಿಸಲೇಬೇಕು ಎಂದಿದ್ದರು ನರ್ಸಮ್ಮ. ಕಾಯಿಸುವುದು ತಪ್ಪದ ಮೇಲೆ ಮನೆಬಾಗಿಲಿಗೆ ಬರುವ ಹೊಳೆ ನೀರೇ ಆಗಲಿ ಎಂದು ಮೂವರೂ ತೀರ್ಮಾನಿಸಿದೆವು. ಅದಕ್ಕೆಂದೇ ಮುಚ್ಚಳದ ಸ್ಟೀಲ್ ಪಾತ್ರೆ ಬಂತು, ಒಂದು ಫ್ಲಾಸ್ಕು ಬಂತು. ಮಾವ ತಮ್ಮ ಪೆಟ್ಟಿಗೆಯ ತಳದಿಂದ ಬಣ್ಣದ ಹಂಡೆಗೆ ಅದ್ದುತ್ತಿದ್ದ ಗಾಜಿನ ಥರ್ಮಾಮೀಟರ್ ತೆಗೆದರು. ಅದನ್ನು ಕೂಸಿನ ನೀರಿಗೆ ಮುಟ್ಟಿಸಕೂಡದು ಎಂದು ನಾನು ಖಡಾಖಂಡಿತ ಹೇಳಿದೆ.

"ಅಷ್ಟು ತಿಳೀದಾ ನಂಗೆ?" ಎಂದು ಗದರಿ, ಅದೇ ನೀರನ್ನು ಬೇರೆ ಲೋಟಕ್ಕೆ ಬಗ್ಗಿಸಿ ಅದರಲ್ಲಿ ಅದ್ದಿ ನೋಡಿದರು. ಕುದಿ ಬಂದು ಎಷ್ಟು ಹೊತ್ತಿಗೆ ಎಪ್ಪತ್ತಕ್ಕೆ ಇಳಿಯುತ್ತದೆ, ಮುಚ್ಚಿಟ್ಟರೆ ಎಷ್ಟು, ತೆರೆದಿಟ್ಟರೆ ಎಷ್ಟು, ಫ್ಯಾನಿನ ಕೆಳಗೆ ಎಷ್ಟು, ಎಲ್ಲವನ್ನೂ ಗೋಡೆ ಗಡಿಯಾರ ನೋಡಿ ಸೀಮೆಸುಣ್ಣದಿಂದ ಅಡುಗೆಮನೆ ಬಾಗಿಲ ಮೇಲೆ ಬರೆದರು. ಮಗ ಮಗ್ಗ ಬಿಟ್ಟು ಬಂದು ನೋಡಿದರೆ, "ಓಗ್ಲಾ, ಸೆರಗು ಮುಗ್ಸು. ಇಲ್ಲಿ ನಿಂದೇನು ಕೆಲ್ಸ?" ಎಂದು ಓಡಿಸುತ್ತಿದ್ದರು.

ಹನೂರು ತಾಲ್ಲೂಕಿನ ಶಾಗ್ಯದಲ್ಲಿರುವ ನಮ್ಮವ್ವ ದಿನಕ್ಕೆ ಎರಡು ಸಲ ಫೋನು ಮಾಡುತ್ತಿದ್ದಳು. "ಕಾಯಿಸೋ ನೀರಿಗೆ ಒಂಚೂರು ಓಮ ಆಕವ್ವ, ಒಟ್ಟೆ ನೋವು ಬರಾಕಿಲ್ಲ" ಎಂದಳು ಒಂದು ದಿನ. ನಾನು ಏನು ಹೇಳುವುದೆಂದು ತಡವರಿಸುತ್ತಿದ್ದರೆ ಮಾವ ಫೋನಿಗೇ ಕೈ ಚಾಚಿದರು.

"ಓಮನೂ ಬೇಡಿ, ಸಕ್ರೆನೂ ಬೇಡಿ, ಜೇನೂ ಬೇಡಿ ಕಣ್ರವ್ವ. ನೀರಿಗೆ ನೀರೇ ಸಾಕು. ನರ್ಸಮ್ಮ ಏಳವ್ರೆ." ನರ್ಸಮ್ಮನನ್ನು ಅವರು ಅಲ್ಲಿಯವರೆಗೆ ಕಣ್ಣಿನಿಂದಲೂ ಕಂಡಿರಲಿಲ್ಲ.

ಕೂಸನ್ನು ಕರೆತರುವ ದಿನ ಮಾವ ಬರುತ್ತಾರೆಂದು ನಾವು ಅಂದುಕೊಂಡಿರಲಿಲ್ಲ. ಬಾಡಿಗೆ ಕಾರು ಬಂದು ನಿಂತು ನಾವು ಹೊರಗೆ ಬರುವಷ್ಟರಲ್ಲಿ ಅವರು ಬಿಳಿ ಪಂಚೆ ಉಟ್ಟು, ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದರು. ಬೆಳಗ್ಗೆ ಆರಕ್ಕೆ ಕುದಿಸಿ ತುಂಬಿದ ನೀರು. ಮಾಂಬಳ್ಳಿ ದಾಟುವಷ್ಟರಲ್ಲಿ ಒಂದು ಸಲ ಮುಚ್ಚಳ ತೆಗೆದು ಬಿಸಿ ಇದೆಯೇ ಎಂದು ನೋಡಿದರು. ಯಳಂದೂರಿನಲ್ಲಿ ಇನ್ನೊಂದು ಸಲ. ಸಂತೇಮರಹಳ್ಳಿಯಲ್ಲಿ ಮತ್ತೊಂದು ಸಲ ತೆಗೆದು ಡ್ರೈವರಿಗೂ ತೋರಿಸಿದರು.

ಸಹಿ, ಫೋಟೋ, ಕಾಗದ ಎಲ್ಲ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಕೂಸು ಹನ್ನೆರಡಕ್ಕೆ ಹಾಲು ಕುಡಿದಿತ್ತು, ಇನ್ನು ಮೂರು ಗಂಟೆಗೆ ಎಂದರು. "ದಾರಿಗೆ ಬಿಸಿನೀರು ತುಂಬಿಕೊಡ್ಲಾ?" ಎಂದು ನರ್ಸಮ್ಮ ಕೇಳಿದಾಗ ಮಾವ ಫ್ಲಾಸ್ಕನ್ನು ಎದೆಗೆ ಅವಚಿಕೊಂಡು, "ನಮ್ ನೀರು ನಮ್ ತಾವೇ ಅದೆ ಕಣ್ರವ್ವ" ಎಂದರು. ಕೂಸನ್ನು ನನ್ನ ಮಡಿಲಿಗಿಟ್ಟರು. ಮಾವ ಹತ್ತಿರ ಬಂದು ನೋಡಿದರು, ಕತ್ತು ಬಗ್ಗಿಸಿ ನೋಡಿದರು, ಮುಟ್ಟಲಿಲ್ಲ.

ಯಳಂದೂರು ಇನ್ನೇನು ಬಂತು ಎನ್ನುವಾಗ ಕಾರಿನ ಹಿಂದಿನ ಟೈರು ಠುಸ್ಸೆಂದಿತು. ಕೂಸು ಎದ್ದಿತು. ಎದ್ದದ್ದೇ ಅಳು. ಅಯ್ಯಯ್ಯೋ, ಅದೆಂಥ ಅಳು! ಮುಷ್ಟಿ ಬಾಯಿಗಿಟ್ಟುಕೊಂಡು ಚೀಪಿ, ಏನೂ ಬಾರದೆ, ಮುಖ ಕೆಂಪಾಗಿ ಚೀರತೊಡಗಿತು. ಗಂಟೆ ಮೂರು. ನಾನು ಬಾಟಲಿ ತೆಗೆದೆ, ಪುಡಿ ಡಬ್ಬಿ ತೆಗೆದೆ. ಮಾವ ಫ್ಲಾಸ್ಕಿನ ಮುಚ್ಚಳ ತೆಗೆದರು. ಹಬೆಯೇ ಬರಲಿಲ್ಲ. ಮುಚ್ಚಳಕ್ಕೆ ಒಂದಿಷ್ಟು ಬಗ್ಗಿಸಿ ಮುಟ್ಟಿ ನೋಡಿದರು.

"ಉಗುರುಬೆಚ್ಚಗೆ ಅದೆ," ಎಂದರು. "ತೆಗ್ದು ತೆಗ್ದು ನೋಡಿ ನಾನೇ ಆರಿಸ್ಬುಟ್ಟೆ ಕಣವ್ವ."

"ಅದ್ರಲ್ಲೇ ಕಲ್ಸಮ್ಮಿ, ಅಳ್ತದೆ ಪಾಪ," ಎಂದರು ಜಾಕ್ ಹಿಡಿದುಕೊಂಡಿದ್ದ ನನ್ನ ಗಂಡ.

"ಬ್ಯಾಡ!" ಎಂದು ನಾನೂ ಮಾವನೂ ಒಟ್ಟಿಗೇ ಕೂಗಿದೆವು.

ರಸ್ತೆ ಪಕ್ಕದಲ್ಲೇ ಒಂದು ಟೀ ಅಂಗಡಿ ಕಾಣಿಸಿತು. ಗಂಡ ಮತ್ತು ಡ್ರೈವರು ಟೈರಿನ ಹತ್ತಿರ ಉಳಿದರು. ನಾನು ಕೂಸನ್ನು ಎತ್ತಿಕೊಂಡು, ಮಾವ ಚೀಲ, ಫ್ಲಾಸ್ಕು ಹೊತ್ತುಕೊಂಡು ಓಡಿದೆವು. ಸೊಂಟ ಬಗ್ಗದ ಮಾವ ನನಗಿಂತ ಮುಂದೆ ಓಡುತ್ತಿದ್ದರು. ಅಂಗಡಿಯಲ್ಲಿದ್ದದ್ದು ನನ್ನ ಅವ್ವನ ವಯಸ್ಸಿನ ಹೆಂಗಸು. ಕೂಸಿನ ಅಳು ಕೇಳಿ ಆಗಲೇ ಎದ್ದು ನಿಂತಿದ್ದಳು.

"ಅಕ್ಕಾ, ಈ ನೀರು ಒಂದ್ಸಲ ಕುದಿಸ್ಕೊಡಿ, ಕೂಸಿನ ಹಾಲಿಗೆ," ಎಂದೆ.

"ಕೊಡವ್ವ ಇಲ್ಲಿ," ಎಂದು ಅವಳು ಟೀ ಪಾತ್ರೆಗೆ ಕೈ ಹಾಕಿದಳು.

"ಆ ಪಾತ್ರೆ ಬ್ಯಾಡ ತಾಯಿ," ಎಂದರು ಮಾವ. "ಟೀ ಕುದ್ದಿರೋ ಪಾತ್ರೆ ಅದು. ಬೇರೇದು ಇದ್ದದಾ?"

ಬೇರೆ ಯಾರಾದರೂ ಬೈದು ಕಳಿಸುತ್ತಿದ್ದರು. ಆಕೆ ಕೂಸನ್ನು ನೋಡಿದಳು, ಮಾವನನ್ನು ನೋಡಿದಳು, ಒಳಗೆ ಹೋಗಿ ಯಾರದೋ ಗೃಹಪ್ರವೇಶದಲ್ಲಿ ಕೊಟ್ಟಿದ್ದ ಹೊಸ ಸ್ಟೀಲ್ ಪಾತ್ರೆ ತಂದಳು. ಅದರ ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ. ಸೋಪು ಹಾಕಿ ತಿಕ್ಕಿ ತೊಳೆದು, ನಮ್ಮ ನೀರಿನಲ್ಲೇ ಒಮ್ಮೆ ಜಾಲಿಸಿ, ಮಿಕ್ಕ ನೀರು ಸುರಿದು, ಟೀ ಇಳಿಸಿ ದೊಡ್ಡ ಉರಿಯ ಮೇಲಿಟ್ಟಳು. ಟೀಗೆ ಕಾದಿದ್ದ ಇಬ್ಬರು ಬೆಂಚಿನಿಂದ ಎದ್ದು ನಮಗೆ ಜಾಗ ಬಿಟ್ಟರು.

ನಾನೀಗ ಕೈ ತೊಳೆದು ಬಾಟಲಿ ಸಿದ್ಧ ಮಾಡಬೇಕು. ಕೂಸು ತೋಳಿನಲ್ಲಿ ಒದ್ದಾಡುತ್ತಿದೆ.

"ಮಾವ, ಕೂಸ ಇಡ್ಕೊಳಿ."

"ನಾನಾ?" ಮಾವ ತಮ್ಮ ಎರಡೂ ಅಂಗೈ ನೋಡಿಕೊಂಡರು. "ಈ ಕೈಲಾ?"

"ಇನ್ಯಾವ ಕೈಲಿ? ಇಡ್ಕೊಳಿ ಮಾವ, ನೀರು ಕುದೀತದೆ!"

ಅವರು ಬೆಂಚಿನ ಮೇಲೆ ಕೂತು ಕೈ ಚಾಚಿದರು. ಕೂಸನ್ನು ಇಟ್ಟೆ. ಹಂಡೆಯಿಂದ ಹಸಿ ರೇಷ್ಮೆ ಲಡಿಯನ್ನು ಎತ್ತಿಕೊಳ್ಳುವವರ ಹಾಗೆ, ತಲೆಯ ಕೆಳಗೊಂದು ಕೈ, ಸೊಂಟದ ಕೆಳಗೊಂದು ಕೈ ಕೊಟ್ಟು ಹಿಡಿದರು. ಕೂಸು ಇನ್ನೂ ಜೋರಾಗಿ ಅತ್ತಿತು. ಮಾವ ಹೆದರಲಿಲ್ಲ. "ಬಂತು ಕಣ್ ಮಗಾ, ಬಂತು ಕಣ್ ಮಗಾ, ಕುದಿ ಬತ್ತಾ ಅದೆ, ಈಗ ಗುಳ್ಳೆ ಬಂತು ನೋಡು, ಈಗ ಕಳಕಳ ಅಂತದೆ" ಎಂದು ಪಾತ್ರೆಯಲ್ಲಿ ಆಗುತ್ತಿದ್ದದ್ದನ್ನೆಲ್ಲ ಕೂಸಿಗೆ ಹೇಳುತ್ತಾ ಹೋದರು. ಅತ್ತೆ ಹೋದ ಮೇಲೆ ಅವರು ಒಟ್ಟು ಆಡಿದ್ದಕ್ಕಿಂತ ಹೆಚ್ಚು ಮಾತು ಆ ಹತ್ತು ನಿಮಿಷದಲ್ಲಿ ಬಂತು. ಬೆಂಚು ಬಿಟ್ಟುಕೊಟ್ಟವರು ನಗುತ್ತಿದ್ದರು. ಅಂಗಡಿಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು.

ನೀರು ಕುದಿಯಿತು. ಇಳಿಸಿದೆವು. ಥರ್ಮಾಮೀಟರ್ ಮನೆಯಲ್ಲಿತ್ತು. ನಾನು ಮೊಬೈಲಿನಲ್ಲಿ ಗಂಟೆ ನೋಡಿದರೆ ಮಾವ ಹಬೆ ಏಳುವುದನ್ನೇ ನೋಡುತ್ತಿದ್ದರು.

"ಈಗ ಉಯ್ಯಿ," ಎಂದರು.

ನೂರಿಪ್ಪತ್ತರ ಗೆರೆಯವರೆಗೆ ನೀರು. ತಲೆ ಸವರಿದ ನಾಲ್ಕು ಚಮಚ ಪುಡಿ. ಮುಚ್ಚಿ ಅಲುಗಿಸಿದೆ. ಗಂಟಿಲ್ಲದೆ ಕರಗಿತು. ಅಂಗಡಿಯಾಕೆ ಮಣ್ಣಿನ ಗಡಿಗೆಯ ತಣ್ಣೀರನ್ನು ಬೋಗುಣಿಗೆ ಬಗ್ಗಿಸಿ ತಂದಿಟ್ಟಳು. ಬಾಟಲಿಯನ್ನು ಅದರಲ್ಲಿ ತಿರುಗಿಸಿದೆ. ನೀರು ಬೆಚ್ಚಗಾದಾಗ ಅವಳೇ ಚೆಲ್ಲಿ ಬೇರೆ ತುಂಬಿದಳು. ಹೊರಗಡೆ ಒರೆಸಿ, ಮುಂಗೈ ಮೇಲೆ ಒಂದು ಹನಿ ಬಿಟ್ಟುಕೊಂಡೆ. ಹದವಾಗಿತ್ತು.

ಕೂಸನ್ನು ತೆಗೆದುಕೊಳ್ಳಲು ಕೈ ಚಾಚಿದೆ. ಮಾವ ಕೊಡಲಿಲ್ಲ.

"ಬಾಟ್ಲಿ ಕೊಡು ಇಲ್ಲಿ," ಎಂದರು.

ನಿಪ್ಪಲ್ ತುಟಿಗೆ ತಾಕಿದ್ದೇ ತಡ, ಅಳು ಕತ್ತರಿಸಿದ ಹಾಗೆ ನಿಂತಿತು. ಗುಟುಕ್, ಗುಟುಕ್, ಗುಟುಕ್. ಕಣ್ಣು ಅರಳಿಸಿಕೊಂಡು ಮಾವನ ಮುಖವನ್ನೇ ನೋಡುತ್ತ ಕುಡಿಯಿತು. ಹುಬ್ಬಿನ ಗಂಟು ಸಡಿಲಾಯಿತು. ಬಾಟಲಿಯಲ್ಲಿ ಗುಳ್ಳೆಗಳು ಸರಸರ ಮೇಲೇರುತ್ತಿದ್ದವು. ಎಣ್ಣೆ, ಮಸಿ ಮೆತ್ತಿದ ಕೈಯಲ್ಲಿ ನನ್ನ ಗಂಡ ಓಡಿ ಬಂದು ಬಾಗಿಲಲ್ಲೇ ನಿಂತುಬಿಟ್ಟರು. ನಾನು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿ ಎಂದೆ. ಪೂರ್ತಿ ಖಾಲಿ ಮಾಡಿತು! ಮಾವ ಅದನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಾಗ ದೊಡ್ಡವರಂತೆ ತೇಗಿತು. ಟೀ ಅಂಗಡಿಯಲ್ಲಿದ್ದವರೆಲ್ಲ ಘೊಳ್ಳೆಂದು ನಕ್ಕರು.

ಹೊರಡುವಾಗ ಅಂಗಡಿಯಾಕೆ ಮಿಕ್ಕ ನೀರನ್ನು ಇನ್ನೊಮ್ಮೆ ಕುದಿಸಿ ಫ್ಲಾಸ್ಕಿಗೆ ತುಂಬಿ ಬಿಗಿದು ಕೊಟ್ಟಳು. "ತಾತಾ, ಇನ್ನು ತೆಗ್ದು ನೋಡ್ಬೇಡ" ಎಂದಳು. ಮಾವ ನಗುತ್ತ ಫ್ಲಾಸ್ಕನ್ನು ನನ್ನ ಕಡೆಗೆ ದಾಟಿಸಿದರು. ಅವರ ಎರಡೂ ಕೈ ತುಂಬಿತ್ತು. ಕೊಳ್ಳೇಗಾಲ ಬರುವವರೆಗೆ ಕೂಸು ಅವರ ತೋಳಿನಲ್ಲೇ ನಿದ್ದೆ ಮಾಡಿತು.

ಆಮೇಲಿನ ದಿನಗಳು ಹೇಗೆ ಹೋದವೋ ಗೊತ್ತಿಲ್ಲ. ಹಾಲು ಕಲಸುವುದು ನನ್ನದು, ನೀರು ಮಾವನದು. ನಲ್ಲಿ ಬರುವ ಬೆಳಗ್ಗೆ ಮೊದಲ ಒಂದು ಬಿಂದಿಗೆ ಗಿಡಕ್ಕೆ ಬಿಟ್ಟು, ಆಮೇಲಿನ ನೀರನ್ನು ಸೋಸಿ ಹಿಡಿಯುತ್ತಿದ್ದರು. ತಿಂಗಳು ಕಳೆದು ಆಸ್ಪತ್ರೆಯಲ್ಲಿ ತೂಕ ಮಾಡಿಸಿದಾಗ ಡಾಕ್ಟರು, "ಚೆನ್ನಾಗಿ ಮೈ ತುಂಬಿಕೊಂಡಿದೆ, ಏನು ಕೊಡ್ತಿದೀರಿ?" ಎಂದು ಕೇಳಿದರು. ಪುಡಿಯ ಹೆಸರು ಹೇಳಲು ನಾನು ಬಾಯಿ ತೆರೆದೆ. ಮಾವ ಹಿಂದಿನಿಂದ, "ನಲ್ಲಿ ನೀರು ಸಾ, ಕಾಯ್ಸಿದ್ದು" ಎಂದರು. ಡಾಕ್ಟರು ತಲೆಬುಡ ಅರ್ಥವಾಗದೆ ನನ್ನ ಮುಖ ನೋಡಿದರು.

ಬಾವಿಯ ಸ್ನೇಹಿತರಿಗೂ ಮಾವ ಹೋಗಿ ವರದಿ ಓದಿ ಹೇಳಿ ಬಂದರಂತೆ. ಅವರ ಮನೆಯಲ್ಲಿ ಸೊಸೆಗೆ ಏಳು ತಿಂಗಳಾಗಿತ್ತು. ಮೊದಲು ಅವರಿಗೆ ಕೋಪ ಬಂದಿತ್ತು, ಆಮೇಲೆ ಬೈಕ್ ಕಳಿಸಿ ಮಾವನನ್ನೇ ಕರೆಸಿಕೊಂಡು, ಹುಟ್ಟುವ ಕೂಸಿಗೆ ಯಾವ ನೀರೆಂದು ಕೇಳಿದರು. "ಮೊದ್ಲು ಎದೆ ಹಾಲು. ಅದಿದ್ರೆ ನೀರಿನ ಮಾತೇ ಇಲ್ಲ ಕಣ್ಲಾ," ಎಂದು ಹೇಳಿ ಬಂದೆ ಎಂದರು ಮಾವ. ಇದನ್ನು ಅವರಿಗೆ ಯಾರು ಕಲಿಸಿದರೆಂದು ನಾನು ಕೇಳಲಿಲ್ಲ.

ಕೂಸಿಗೆ ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಶುರು ಮಾಡಿ, ಜೊತೆಗೆ ಕಾಯಿಸಿ ಆರಿಸಿದ ನೀರನ್ನು ಒಂದೊಂದು ಗುಟುಕು ಕುಡಿಸಬಹುದು ಎಂದರು ಡಾಕ್ಟರು. ಅಂದು ಬೆಳಗ್ಗೆ ಬಿಸಿಲು ಹಿತ್ತಲಿಗೆ ಬಂದಿತ್ತು. ನನ್ನ ಗಂಡ ಮಗ್ಗ ನಿಲ್ಲಿಸಿ ಬಂದರು. ಶಾಗ್ಯದಿಂದ ಅವ್ವ ಬಂದಿದ್ದಳು. ಮಾವ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆಳ್ಳಿಯದೂ ಅಲ್ಲ ಏನೂ ಅಲ್ಲ, ಸಣ್ಣದೊಂದು ಸ್ಟೀಲ್ ಲೋಟವನ್ನು ಅದರ ತುಟಿಗಿಟ್ಟರು. ಕೂಸಿಗೆ ಬರೀ ನೀರು ಅದೇ ಮೊದಲು. ಬಾಯಿಗೆ ಬಂದದ್ದು ಏನೆಂದು ತಿಳಿಯದೆ ಒಂದು ಗಳಿಗೆ ಸುಮ್ಮನಿತ್ತು. ಕೆನ್ನೆ ಉಬ್ಬಿಸಿತು. ಆಮೇಲೆ ಪುರ್ರೆಂದು ಅಷ್ಟನ್ನೂ ಮಾವನ ಮುಖಕ್ಕೆ ಉಗಿದು, ಕೇಕೆ ಹಾಕಿ ನಕ್ಕು, ಇನ್ನೂ ಬೇಕೆಂದು ಎರಡೂ ಕೈಯಲ್ಲಿ ಲೋಟಕ್ಕೆ ಹೊಡೆಯಿತು.

"ತತ್ತಾ ಇನ್ನೊಂಚೂರು," ಎಂದರು ಮಾವ, ಮುಖ ಒರೆಸಿಕೊಳ್ಳದೆ.